ಇಳಕಲ್ ಸೀರೆಗೆ ಯಾವ ಡಾಬು?

ಬಾದಾಮಿಯ ಕಲ್ಲು, ಇಳಕಲ್ಲಿನ ದಡಿ, ಗುಳೇದಗುಡ್ಡದ ಖಣ: ಹೆಣ್ಣುಮಕ್ಕಳ ನಡುಪಟ್ಟಿ ಆರಿಸುವ, ತೊಡುವ ಬಗೆ

ಸೀರೆಯ ಮೇಲೆ ಬೆಲ್ಟ್ ಹಾಕಬೇಕು ಅಂತ ಮನಸ್ಸು ಮಾಡಿದವರಿಗೆ ಎಲ್ಲ ಕಡೆಯಿಂದ ಬರುವ ಮೊದಲ ಬುದ್ಧಿಮಾತು ಒಂದೇ: ನಡು ಎಲ್ಲಿ ಅತಿ ಸಣ್ಣದೋ ಅಲ್ಲಿ ಬಿಗಿಯಿರಿ, ಹೊಟ್ಟೆ ಕಾಣುವುದಿಲ್ಲ. ಬಾದಾಮಿಯ ಮೂರನೇ ಗುಹೆಯ ಮೊಗಸಾಲೆಯಲ್ಲಿ ಕತ್ತೆತ್ತಿ ನಿಂತರೆ ಈ ಮಾತು ಅರ್ಧ ನಿಮಿಷವೂ ಉಳಿಯುವುದಿಲ್ಲ. ಕಂಬದ ತಲೆಗೂ ಸೂರಿಗೂ ನಡುವೆ ಚಾಚಿಕೊಂಡಿರುವ ಕಲ್ಲಿನ ಹೆಣ್ಣುಮಕ್ಕಳ ಸೊಂಟಪಟ್ಟಿ ಹೊಕ್ಕುಳಿನಿಂದ ಸಾಕಷ್ಟು ಕೆಳಗೆ, ಸೊಂಟದ ಎಲುಬಿನ ಏರಿನ ಮೇಲೆ ಕೂತಿದೆ. ಹೊಟ್ಟೆ ಅದರ ಮೇಲೆ ಯಾವ ಅಂಜಿಕೆಯೂ ಇಲ್ಲದೆ ತುಸು ಉಬ್ಬಿದೆ. ಅದನ್ನು ಮುಚ್ಚಬೇಕು ಅಂತ ಆ ಶಿಲ್ಪಿಗೆ ಅನಿಸಿಯೇ ಇಲ್ಲ.

ಈ ಗುಹೆಯ ಕಾಲದ ಬಗ್ಗೆ ತಕರಾರಿಲ್ಲ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಇದನ್ನು ವಿಷ್ಣುವಿಗೆ ಒಪ್ಪಿಸಿದ ಶಾಸನ ಅಲ್ಲೇ ಇದೆ. ಹದಿನಾಲ್ಕು ಶತಮಾನಕ್ಕೂ ಹಿಂದಿನ ಈ ಮಾದರಿ, ಬಾಗಲಕೋಟೆಯ ಅಂಗಡಿಯ ಗಾಜಿನ ಕಪಾಟಿನಲ್ಲಿ ತೂಗುವ ಎಲಾಸ್ಟಿಕ್ ಬೆಲ್ಟಿಗಿಂತ ಸೀರೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ ಎಂಬುದು ನನ್ನ ವಾದ. ಬೆಲ್ಟ್ ಬೇಡ ಅಂತಲ್ಲ. ಧಾರಾಳವಾಗಿ ಹಾಕಿಕೊಳ್ಳಿ. ಆದರೆ ಅದನ್ನು ಮೈ ಸಣ್ಣ ಮಾಡುವ ಯಂತ್ರ ಅಂದುಕೊಂಡರೆ ದುಡ್ಡೂ ದಂಡ, ಊಟವೂ ದಂಡ. ಬಟ್ಟೆಯ ಭಾರ ಹೊರುವ ಪಟ್ಟಿ ಅಂದುಕೊಂಡರೆ ಆಯ್ಕೆ ತಾನೇ ಸುಲಭವಾಗುತ್ತದೆ.

ಕಲ್ಲಿನವರು ತೊಟ್ಟದ್ದು ಹೇಗೆ

ಆ ಶಿಲ್ಪಗಳನ್ನು ಹೆಚ್ಚಿನವರು ನೋಡುವುದು ಕೊರಳಿನಿಂದ ಮೇಲಕ್ಕೆ. ಈ ಸಲ ಕೆಳಗೆ ನೋಡಿ. ಎಳೆಎಳೆಯಾಗಿ ಸೇರಿಸಿದ ಪಟ್ಟಿ, ನಟ್ಟನಡುವೆ ಒಂದು ಬಿಲ್ಲೆ, ಕೆಲವು ಕಡೆ ಆ ಬಿಲ್ಲೆಯಿಂದ ತೊಡೆಯ ಮೇಲೆ ಇಳಿಬಿದ್ದ ಸರಗಳು. ಗಂಡು ದೇವತೆಗಳಿಗೂ ಸೊಂಟದ ಸಿಂಗಾರ ಕಡಿಮೆಯೇನಿಲ್ಲ. ಮೇಲೆ ಹೊಟ್ಟೆಯ ಸುತ್ತ ಉದರಬಂಧ, ಕೆಳಗೆ ಕಟಿಸೂತ್ರ, ಅದರ ಮೇಲೆ ಓರೆಯಾಗಿ ಸುತ್ತಿ ಪಕ್ಕದಲ್ಲಿ ಗಂಟು ಹಾಕಿದ ಬಟ್ಟೆಯ ಪಟ್ಟಿ. ಉದರಬಂಧವನ್ನು ಪ್ರತಿಮಾಶಾಸ್ತ್ರ ಹೆಚ್ಚಾಗಿ ಗಂಡಿಗೇ ಕೊಟ್ಟಿದೆ. ಇವತ್ತು ಎದೆಯ ಕೆಳಗೆ ಅಗಲ ಬೆಲ್ಟ್ ಬಿಗಿದುಕೊಳ್ಳುವ ಹುಡುಗಿಯರು ಗೊತ್ತಿಲ್ಲದೆ ವಿಷ್ಣುವಿನ ಸಾಲಿಗೆ ಸೇರುತ್ತಿದ್ದಾರೆ, ಇರಲಿ.

ಮೊದಲನೇ ಗುಹೆಯ ಅರ್ಧನಾರೀಶ್ವರನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದೇ ಮೈ, ಬಲಕ್ಕೆ ಶಿವ, ಎಡಕ್ಕೆ ಪಾರ್ವತಿ. ಸೊಂಟದ ಹತ್ತಿರ ಎರಡು ಉಡುಗೆಗಳು ಸೇರುವ ಗೆರೆಯನ್ನು ಶಿಲ್ಪಿ ಹೇಗೆ ನಿಭಾಯಿಸಿದ ಎಂದು ನೋಡಿದರೆ, ಎರಡು ಬೇರೆ ಬಟ್ಟೆಗಳನ್ನು ಒಂದು ಉಡುಗೆಯಾಗಿ ಕೂಡಿಸುವ ಜಾಗ ಸೊಂಟವೇ ಎಂಬುದು ಕಣ್ಣಿಗೆ ಬೀಳುತ್ತದೆ. ಕುರ್ತಾ ಒಂದು ಬಣ್ಣ, ದುಪಟ್ಟಾ ಇನ್ನೊಂದು ಬಣ್ಣ ಆದಾಗ ಬೆಲ್ಟ್ ಮಾಡುವುದೂ ಇದೇ ಕೆಲಸ.

ಹುನಗುಂದ ತಾಲೂಕಿನ ಐಹೊಳೆಯಲ್ಲಿ ರಾವಣಫಡಿ ಗುಹೆ ಇದೆ. ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ, ಸುತ್ತ ಮಾತೃಕೆಯರು. ಎತ್ತರದ ಕಿರೀಟ, ನೀಳ ಮೈ, ಕೆಳಗೆ ಒತ್ತೊತ್ತಾಗಿ ಗೆರೆ ಕೊರೆದ ನಿರಿಗೆಯ ಉಡುಗೆ. ಬಾದಾಮಿಯ ದುಂಡಗಿನ ಹೆಣ್ಣುಮಕ್ಕಳ ಪಕ್ಕದಲ್ಲಿ ಇವರು ಬೇರೆಯೇ ಊರಿನ ನೆಂಟರ ಹಾಗೆ ಕಾಣುತ್ತಾರೆ. ನಿರಿಗೆಯ ಗೆರೆಗಳು ಸೊಂಟದಿಂದ ಕಾಲಿನವರೆಗೆ ನೇರ ಇಳಿಯಬೇಕಾದರೆ ಮೇಲೆ ಒಂದು ಗಟ್ಟಿ ಹಿಡಿತ ಬೇಕೇ ಬೇಕು. ಉಟ್ಟವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಮದುವೆ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಿರಿಗೆ ಜಾರಿ ಹಿಮ್ಮಡಿಗೆ ಸಿಕ್ಕುವುದು ಹಿಡಿತ ಸಡಿಲವಾದಾಗಲೇ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸಿದವಳು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಎಂಟನೇ ಶತಮಾನದ ಆ ಕಂಬಗಳ ಮೇಲಿನ ಜೋಡಿಗಳಲ್ಲಿ ಸೊಂಟದ ಒಡವೆ ಇನ್ನಷ್ಟು ನಾಜೂಕು. ಹೆಣ್ಣುಮಕ್ಕಳೇ ದುಡ್ಡು ಹಾಕಿ ಕಟ್ಟಿಸಿದ ಗುಡಿ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಆ ನಾಜೂಕಿಗೆ ಬೇರೆ ರುಚಿ ಬರುತ್ತದೆ.

ಹಾಗಾದರೆ ನಡುವನ್ನು ಬಿಗಿದು ಸಣ್ಣ ಮಾಡುವ ಹುಚ್ಚು ಬಂದದ್ದು ಎಲ್ಲಿಂದ? ಯುರೋಪಿನ ಕಾರ್ಸೆಟ್ಟಿಗೆ ಶತಮಾನಗಳ ಚರಿತ್ರೆ ಇದೆ. ಅದು ಮರೆಗೆ ಸರಿಯುತ್ತಿದ್ದಾಗ, 1947ರಲ್ಲಿ, ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್ಸಿನಲ್ಲಿ ಬಿಗಿದ ನಡು, ಗಜಗಟ್ಟಲೆ ಅಗಲದ ಲಂಗದ ಉಡುಗೆಗಳನ್ನು ತೋರಿಸಿದ. ಪತ್ರಿಕೆಗಳು ಅದನ್ನು ‘ನ್ಯೂ ಲುಕ್’ ಎಂದು ಕರೆದವು. ಕತ್ತರಿಸಿ ಹೊಲಿದ ಬಟ್ಟೆಗೆ ಅದು ಒಪ್ಪುತ್ತದೆ. ಅಲ್ಲಿ ನಡುವಿನ ಹತ್ತಿರ ಹೆಚ್ಚಿನ ಬಟ್ಟೆಯನ್ನು ದರ್ಜಿ ಮೊದಲೇ ತೆಗೆದುಹಾಕಿರುತ್ತಾನೆ. ಸೀರೆಯಲ್ಲಿ ತೆಗೆಯುವ ಮಾತೇ ಇಲ್ಲ. ಬಿಗಿದಷ್ಟೂ ಬಟ್ಟೆ ಬೆಲ್ಟಿನ ಮೇಲೊಂದು ಕೆಳಗೊಂದು ಉಬ್ಬಾಗಿ ಎದ್ದು ಕೂಡುತ್ತದೆ, ಸಣ್ಣಗೆ ಕಾಣಬೇಕಾದ ನಡು ಎರಡು ಮಡಿಕೆಯಾಗುತ್ತದೆ. ಅದೇ ಪಟ್ಟಿಯನ್ನು ಎರಡು ಬೆರಳು ಕೆಳಗಿಳಿಸಿ, ಒಳಗೆ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಿ. ಉಬ್ಬು ಮಾಯ.

ದಡಿ ಮಾತಾಡುವಾಗ ಡಾಬು ಸುಮ್ಮನಿರಬೇಕು

ನಮ್ಮ ಕಡೆ ಸೊಂಟದ ಒಡವೆಗೆ ಡಾಬು ಅನ್ನುತ್ತಾರೆ. ಮೈಸೂರಿನ ಕಡೆಯವರ ಒಡ್ಯಾಣ ಹೆಚ್ಚಾಗಿ ಬಂಗಾರದ್ದು ಅಥವಾ ಬಂಗಾರದ ನೀರು ಕೊಟ್ಟದ್ದು, ರೇಷ್ಮೆ ಸೀರೆಯ ಜರಿಗೆ ಜೋಡಿ. ಡಾಬು ಹೆಚ್ಚಾಗಿ ಬೆಳ್ಳಿಯದು. ಇಳಕಲ್ ಸೀರೆಯ ಮೇಲೆ ಬೆಳ್ಳಿ ಯಾಕೆ ಅಷ್ಟು ಒಪ್ಪುತ್ತದೆ ಎಂಬುದಕ್ಕೆ ಆ ಸೀರೆಯ ನೇಯ್ಗೆಯಲ್ಲೇ ಉತ್ತರ ಇದೆ. ಕಾಂಚೀಪುರಂ ಅಥವಾ ಬನಾರಸ್ ಸೀರೆಯ ಹಾಗೆ ಇದರ ಸೊಬಗು ಜರಿಯ ಹೊಳಪಿನ ಮೇಲೆ ನಿಂತಿಲ್ಲ. ಮೈ ಒಂದೇ ಬಣ್ಣ ಅಥವಾ ಸಣ್ಣ ಚೌಕಳಿ, ದಡಿ ಗಾಢ ಕೆಂಪು, ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ತೆನೆ. ಆ ಬಿಳಿಗೆ ಬೆಳ್ಳಿ ಓಗೊಡುತ್ತದೆ. ಬಂಗಾರದ ಬಣ್ಣ ಆ ಕೆಂಪಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ ಅಂತ ನನ್ನ ಕಣ್ಣಿಗೆ. ಒಪ್ಪದವರು ಇದ್ದಾರೆ, ಅವರ ಮನೆಯಲ್ಲಿ ಬಂಗಾರವೂ ಇದೆ.

ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಇಳಕಲ್ಲಿನ ಗುರುತೇ ಆ ಕೊಂಡಿ. ಸೆರಗಿನ ಮೇಲೆ ಜೋಳದ ತೆನೆ, ಕೋಟೆಯ ತೆನೆ, ಹಣಿಗೆ. ದಡಿಯಲ್ಲಿ ಗೋಮಿ, ಚಿಕ್ಕಿ, ಪರಾಸಪೇಟ, ಗಾಡಿ ಎಂದು ಬಗೆಗಳು. ಇಳಕಲ್ ಒಂದೇ ಅಲ್ಲ, ಹುನಗುಂದ ಸೀಮೆಯ ಅಮೀನಗಡ, ಸೂಳೇಭಾವಿ, ಕಮತಗಿಯಂಥ ಊರುಗಳೂ ಈ ನೇಯ್ಗೆಯ ಊರುಗಳೇ. ಭೌಗೋಳಿಕ ಸೂಚಿಕೆಯ ಮುದ್ರೆ ಈ ಸೀರೆಗೆ ಸಿಕ್ಕಿದೆ. ಜತೆಗೆ ಕಸೂತಿ ಇದ್ದರಂತೂ ಗೋಪುರ, ತೇರು, ಆನೆ, ನವಿಲು ಎಲ್ಲ ಸೀರೆಯ ಮೇಲೇ ಬಂದು ಕೂತಿರುತ್ತವೆ.

ಇಷ್ಟೆಲ್ಲ ಇರುವಾಗ ಡಾಬಿನ ಮೇಲೆ ಮತ್ತೆ ನವಿಲು, ಮತ್ತೆ ಆನೆ, ನಡುವೆ ಕೆಂಪು ಹರಳು, ಕೆಳಗೆ ಗೆಜ್ಜೆ ಹಾಕಿಸಿದರೆ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು? ನಾನು ಪಾಲಿಸುವ ಲೆಕ್ಕ ಸರಳ. ದಡಿ ಅಗಲ ಇದ್ದು ಕಸೂತಿಯೂ ಇದ್ದರೆ ಡಾಬು ಸಪಾಟ ಪಟ್ಟಿಯದು, ಅಗಲ ಒಂದು ಬೆರಳು, ಬಿಲ್ಲೆ ಚಿಕ್ಕದು. ಚಿಕ್ಕಿಯಂಥ ತೆಳು ದಡಿ, ಮೈ ಒಂದೇ ಬಣ್ಣ ಇದ್ದರೆ ಡಾಬಿಗೆ ಮಾತಾಡಲು ಜಾಗ ಸಿಗುತ್ತದೆ, ಆಗ ಎರಡು ಬೆರಳು ಅಗಲದ ಕೆತ್ತನೆಯದು ತೊಡಿ. ಚೌಕಳಿ ಸೀರೆಯ ಮೇಲೆ ಸರಪಳಿ ಡಾಬು ಕಳೆದುಹೋಗುತ್ತದೆ, ಗೆರೆಯ ಮೇಲೆ ಗೆರೆ. ಅಲ್ಲಿ ಪಟ್ಟಿಯೇ ಸರಿ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಹಳೆಯ, ಕಪ್ಪು ಕೂತ ಬೆಳ್ಳಿಗಿಂತ ಚಂದದ್ದು ಇನ್ನೊಂದಿಲ್ಲ. ಅದಕ್ಕೆ ಪಾಲಿಶ್ ಮಾಡಿಸಿ ಕನ್ನಡಿ ಮಾಡಬೇಡಿ, ದಯವಿಟ್ಟು. ಗಿರಿ ಕುಂಕುಮದ ಬಣ್ಣಕ್ಕೂ ದಾಳಿಂಬೆ ಕೆಂಪಿಗೂ ಬಿಳಿಚಿದ ಹೊಸ ಬೆಳ್ಳಿ ನಡೆಯುತ್ತದೆ.

ಇನ್ನೊಂದು ಮಾತು. ಕೊರಳಿಗೆ ದೊಡ್ಡ ಸರ ಬಿದ್ದ ದಿನ ಡಾಬು ಬಿಡಿ. ಸರ ಹೊಕ್ಕುಳಿನವರೆಗೆ ಇಳಿದು ಡಾಬಿನ ಬಿಲ್ಲೆಗೆ ಬಡಿಯುವ ಸದ್ದು ಅಕ್ಷತೆ ಹಾಕುವ ಸಾಲಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಸೆರಗಿನ ಮೇಲೋ, ಕೆಳಗೋ

ಹಳೆಯ ಪದ್ಧತಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮ ಕಡೆ ಸೆರಗು ತಲೆಯ ಮೇಲೆ ಬರಬೇಕು, ಉಳಿದ ತುದಿ ಬಲಗಡೆಯಿಂದ ಮುಂದೆ ಬಂದು ಸೊಂಟಕ್ಕೆ ಸಿಗಬೇಕು. ಡಾಬು ಸೀರೆಯ ಮೇಲೆ, ಸೆರಗಿನ ಕೆಳಗೆ. ನಡೆಯುವಾಗ ಅಲ್ಲೊಮ್ಮೆ ಇಲ್ಲೊಮ್ಮೆ ಮಿಂಚಿದರೆ ಮಿಂಚಿತು. ಕಾಣಿಸದ ಒಡವೆಗೆ ಯಾಕಿಷ್ಟು ಬೆಳ್ಳಿ ಅಂತ ಕೇಳಿದರೆ, ಅದು ಹೆಣ್ಣುಮಗಳ ಗಂಟು, ಕಷ್ಟಕ್ಕೆ ಒದಗುವ ಆಸ್ತಿ. ನೋಡುವವರಿಗಾಗಿ ಮಾಡಿಸಿದ್ದಲ್ಲ.

ಈಗಿನ ಸೀರೆ ಬೆಲ್ಟ್ ಪೂರ್ತಿ ಸೆರಗಿನ ಮೇಲೆ ಬರುತ್ತದೆ. ಸೆರಗನ್ನು ಅಚ್ಚುಕಟ್ಟಾಗಿ ಮಡಿಸಿ ಭುಜಕ್ಕೆ ಪಿನ್ ಹಾಕಿ, ಮುಂದಿನ ಬಟ್ಟೆಯನ್ನೆಲ್ಲ ಒಳಗೆ ಸೇರಿಸಿ ಮೇಲೆ ಪಟ್ಟಿ. ವೇದಿಕೆಯ ಮೇಲೆ ನಿರೂಪಣೆ ಮಾಡುವವರಿಗೆ, ಕುಣಿಯುವವರಿಗೆ, ಕೈಯಲ್ಲಿ ಕೂಸು ಇರುವವರಿಗೆ ಇದು ನಿಜಕ್ಕೂ ವರ. ಆದರೆ ಇಳಕಲ್ ಸೀರೆಯಲ್ಲಿ ಒಂದು ತೊಡಕು. ಸೀರೆಯ ಜೀವ ಇರುವುದು ಸೆರಗಿನ ತೆನೆಯಲ್ಲಿ. ಕಿರಿದಾಗಿ ಮಡಿಸಿದರೆ ತೆನೆ ಮಡಿಕೆಯೊಳಗೆ ಹೂತುಹೋಗುತ್ತದೆ, ಹಿಂದೆ ಬರೀ ಕೆಂಪು ಪಟ್ಟಿ ತೂಗುತ್ತದೆ. ಇದಕ್ಕೆ ಪರಿಹಾರ ಇದೆ. ಮುಂದೆ ಎದೆಯ ಮೇಲೆ ಮೂರೋ ನಾಲ್ಕೋ ಅಗಲ ಮಡಿಕೆ ಮಾಡಿ ಬೆಲ್ಟಿನ ಒಳಗೆ ಹಿಡಿಸಿ. ಭುಜ ದಾಟಿದ ಮೇಲೆ ಪಿನ್ನಿನ ಹಿಡಿತ ಬಿಟ್ಟು ಸೆರಗನ್ನು ಬೆನ್ನ ಮೇಲೆ ಅಗಲವಾಗಿ ಹರಡಲು ಬಿಡಿ, ಬೆಲ್ಟಿನೊಳಗೆ ಸೇರಿಸಬೇಡಿ. ಮುಂದಿನಿಂದ ಅಚ್ಚುಕಟ್ಟು, ಹಿಂದಿನಿಂದ ಇಳಕಲ್.

ಸೀರೆಯ ಒಳಗೆ ಪರಕರದ ಲಾಡಿ ಗಂಟು ಎಡಕ್ಕೆ ಅಥವಾ ಬಲಕ್ಕೆ ಸರಿಯಲಿ. ನಡುವೆ ಬಿಟ್ಟರೆ ಬಿಲ್ಲೆಯ ಹಿಂದೆ ಅದೊಂದು ಗುಡ್ಡೆ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಗೆ ಪರಕರವೇ ಇಲ್ಲ, ಸೀರೆಯದೇ ಗಂಟು. ಅಲ್ಲಿ ಡಾಬು ಸಿಂಗಾರದ ಜೊತೆಗೆ ಎರಡನೇ ಕಾವಲೂ ಹೌದು. ಕಚ್ಚೆಯ ಸೀರೆ ಉಟ್ಟು ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಬೆಳ್ಳಿ ತೊಟ್ಟು ಹೋಗುವುದಿಲ್ಲ, ಸೆರಗನ್ನೇ ಸುತ್ತಿ ಸೊಂಟಕ್ಕೆ ಬಿಗಿಯುತ್ತಾರೆ. ಬೆಲ್ಟಿನ ಅತಿ ಅಗ್ಗದ, ಅತಿ ಹಳೆಯ ಮಾದರಿ ಅದು. ಎಲೆ ಅಡಿಕೆಯ ಸಂಚಿಗೂ ಕೀಲಿಕೈ ಗೊಂಚಲಿಗೂ ಅದೇ ಜಾಗ.

ಎತ್ತರ ಕಡಿಮೆ ಇರುವವರು ಅಗಲ ಬೆಲ್ಟ್ ಹಾಕಬಾರದು ಅಂತ ಒಂದು ನಿಯಮ ಓಡಾಡುತ್ತದೆ. ಅಗಲಕ್ಕಿಂತ ಬಣ್ಣ ಮುಖ್ಯ. ಸೀರೆಯ ಮೈಬಣ್ಣಕ್ಕೆ ಹತ್ತಿರದ ಪಟ್ಟಿಯಾದರೆ ಮೈ ಎರಡು ತುಂಡಾದ ಹಾಗೆ ಕಾಣುವುದಿಲ್ಲ. ಹಸಿರು ಸೀರೆಗೆ ಕೆಂಪು ಪಟ್ಟಿ ಕಣ್ಣನ್ನು ನಡುವೆಯೇ ತಡೆದು ನಿಲ್ಲಿಸುತ್ತದೆ. ಎತ್ತರದವರಿಗೆ ಅದು ಒಪ್ಪಿತು, ಉಳಿದವರು ಯೋಚಿಸಬಹುದು. ಎದೆಯಿಂದ ಸೊಂಟದವರೆಗಿನ ಮೈ ಗಿಡ್ಡ ಇದ್ದರೆ ಪಟ್ಟಿ ಇನ್ನೂ ಕೆಳಗೆ. ಬಸುರಿಯ ಕುಬಸದ, ಅಂದರೆ ಸೀಮಂತದ, ದಿನ ಡಾಬು ಬೇಕೇ ಬೇಕೆಂದು ಹಿರಿಯರು ಪಟ್ಟು ಹಿಡಿದರೆ ಸರಪಳಿಯದನ್ನು ಹೊಟ್ಟೆಯ ಕೆಳಗೆ ಸಡಿಲ ಹಾಕಿ, ಆರತಿ ಮುಗಿದೊಡನೆ ತೆಗೆದಿಡಿ.

ಖಣದಲ್ಲಿ ಹೊಲಿಸಿದರೆ

ಬೆಳ್ಳಿಯ ದರ ಕೇಳಿ ಬೆಚ್ಚಿದವರಿಗೆ ಗುಳೇದಗುಡ್ಡ ಇದೆ. ಅಲ್ಲಿನ ಖಣಕ್ಕೂ ಭೌಗೋಳಿಕ ಸೂಚಿಕೆಯ ಮುದ್ರೆ ಉಂಟು. ಆನೆ ಹೆಜ್ಜೆ, ತೇರು, ಸೂಜಿಮಲ್ಲಿಗೆ ಎಂದೆಲ್ಲ ಹೆಸರಿನ ಸಣ್ಣ ಸಣ್ಣ ವಿನ್ಯಾಸ, ಅಂಚಿಗೆ ಬೇರೆ ಬಣ್ಣದ ಕಿರು ದಡಿ. ಇಳಕಲ್ ಸೀರೆ, ಖಣದ ಕುಬಸ ಎಂಬ ಜೋಡಿ ಹಳೆಯದು. ಆ ಕುಬಸದ ಬಟ್ಟೆಯನ್ನೇ ಬೆಲ್ಟಾಗಿ ಹೊಲಿಸುವುದು ಇತ್ತೀಚಿನದು, ಮತ್ತು ನನ್ನ ಮಟ್ಟಿಗೆ ಈ ಲೇಖನದ ಅತ್ಯುತ್ತಮ ಸಲಹೆ ಇದೇ.

ಯಾಕೆಂದರೆ ಕುಬಸಕ್ಕೂ ಬೆಲ್ಟಿಗೂ ಒಂದೇ ಖಣ ಆದಾಗ ಎದೆಯಲ್ಲಿ ಕಂಡ ಬಣ್ಣ ಸೊಂಟದಲ್ಲಿ ಮತ್ತೆ ಕಾಣುತ್ತದೆ. ಹೊಸ ಮೂರನೇ ಬಣ್ಣ ಒಳಗೆ ನುಗ್ಗುವುದಿಲ್ಲ. ಸೀರೆಯ ಎಳೆ ಕಿತ್ತುಬರುವ ಭಯವೂ ಇಲ್ಲ. ಬೆಳ್ಳಿಯ ಕೊಕ್ಕೆಗಳು ರೇಷ್ಮೆ ಎಳೆಗೆ ಸಿಕ್ಕಿ ಎಳೆದು ಹಾಕುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ತೊಟ್ಟು ಊಟಕ್ಕೆ ಕೂಡಬಹುದು.

ದರ್ಜಿಗೆ ಕೊಡುವಾಗ ಕೆಲವು ಮಾತು ಬಿಡಿಸಿ ಹೇಳಬೇಕು. ಖಣ ತೆಳು. ಒಳಗೆ ಬಕ್ರಮ್ ಕೊಡದಿದ್ದರೆ ಅರ್ಧ ಗಂಟೆಯಲ್ಲಿ ಹಗ್ಗವಾಗಿ ಸುರುಳಿಗೊಳ್ಳುತ್ತದೆ. ಬಕ್ರಮ್ ತೀರಾ ದಪ್ಪ ಆದರೆ ಬಾಗಿದಾಗ ಹೊಟ್ಟೆಗೆ ಚುಚ್ಚುತ್ತದೆ, ಹಾಗಾಗಿ ಮಧ್ಯಮದ್ದು. ಅಗಲ ಒಂದೂವರೆಯಿಂದ ಎರಡು ಇಂಚು ಸಾಕು. ಖಣದ ಕಿರು ದಡಿ ಬೆಲ್ಟಿನ ಕೆಳಗಿನ ಅಂಚಿಗೆ ಬರುವಂತೆ ಕತ್ತರಿಸಲಿ. ಮೇಲಿನ ಅಂಚಿಗೆ ಬಂದರೆ ತಲೆಕೆಳಗಾದಂತೆ ಕಾಣುತ್ತದೆ. ವಿನ್ಯಾಸದ ಸಾಲು ಪಟ್ಟಿಯ ನಟ್ಟನಡುವೆ ಬರಬೇಕು, ಆನೆ ಹೆಜ್ಜೆಯನ್ನು ಅರ್ಧಕ್ಕೆ ಕತ್ತರಿಸಿದ ಬೆಲ್ಟ್ ದೂರದಿಂದಲೂ ಅವಸರದ ಕೆಲಸ ಅಂತ ಹೇಳುತ್ತದೆ. ಹಿಂದೆ ಕಟ್ಟಲು ಲಾಡಿ ಇಡಿಸಿ, ಕೊಕ್ಕೆ ಬೇಡ. ಲಾಡಿಯಾದರೆ ಈ ವರ್ಷದ ಮೈಗೂ ಬರುವ ವರ್ಷದ ಮೈಗೂ ಅದೇ ಬೆಲ್ಟ್ ಆಗುತ್ತದೆ, ಅಕ್ಕನದು ತಂಗಿಗೂ ಆಗುತ್ತದೆ. ಒಳಬದಿಗೆ ಮೊಬೈಲ್ ಹಿಡಿಸುವಷ್ಟು ಒಂದು ಜೇಬು. ಸೀರೆಗೆ ಜೇಬಿಲ್ಲ ಎಂಬ ಶತಮಾನಗಳ ದೂರು ಅಲ್ಲಿಗೆ ಮುಗಿಯಿತು, ಆದರೆ ಈಗಿನ ದೊಡ್ಡ ಮೊಬೈಲಿನ ಭಾರ ಒಂದು ಪಕ್ಕಕ್ಕೆ ಎಳೆಯದಂತೆ ಜೇಬನ್ನು ಎಲುಬಿನ ಮೇಲೆ ಕೂರಿಸಬೇಕು.

ಕಸೂತಿಯ ಬೆಲ್ಟ್ ಬೇಕೆನ್ನುವವರು ಖಣ ಬಿಟ್ಟು ಒಂದೇ ಬಣ್ಣದ ಕೈಮಗ್ಗದ ಹತ್ತಿ ಬಟ್ಟೆ ಆರಿಸಬೇಕು. ಕಸೂತಿಯನ್ನು ಎಳೆ ಎಣಿಸಿ ಹಾಕುತ್ತಾರೆ, ವಿನ್ಯಾಸವಿರುವ ಬಟ್ಟೆಯ ಮೇಲೆ ಎಣಿಕೆ ತಪ್ಪುತ್ತದೆ, ಎಣಿಸಿದರೂ ಎದ್ದು ಕಾಣುವುದಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಏಣಿಯ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ ಕಿರಿದಾದ ಪಟ್ಟಿಗೆ ಹೇಳಿ ಮಾಡಿಸಿದ್ದು. ಗೋಪುರ, ತೇರು ಎತ್ತರದ ಚಿತ್ರಗಳು. ಎರಡು ಇಂಚಿನಲ್ಲಿ ಅವನ್ನು ಕುಗ್ಗಿಸಿದರೆ ಉಸಿರು ಕಟ್ಟುತ್ತದೆ. ಗವಂತಿ, ಮುರ್ಗಿಗಳ ಹಿಂದುಮುಂದು ಒಂದೇ ರೀತಿ, ಗಂಟು ಕಾಣಬಾರದು. ಕೊಳ್ಳುವ ಮೊದಲು ಬೆಲ್ಟ್ ತಿರುವಿ ನೋಡಿ. ಒಳಗೆ ಬಟ್ಟೆ ಹೊಲಿದು ಹಿಂಬದಿ ಮುಚ್ಚಿಬಿಟ್ಟಿದ್ದರೆ ಯಂತ್ರದ ಕೆಲಸ ಇರಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಪತ್ತಾರನ ಅಂಗಡಿಯಲ್ಲಿ

ಬೆಳ್ಳಿಯೇ ಬೇಕು ಎಂದಾದರೆ ಮೂರು ಬಗೆ ಸಿಗುತ್ತವೆ. ಕೀಲು ಹಾಕಿ ಜೋಡಿಸಿದ ಬಿಲ್ಲೆಗಳದು, ಸರಪಳಿಯದು, ತಂತಿ ಹೆಣೆದ ಮೆತ್ತನೆಯ ಪಟ್ಟಿ. ಮೊದಲನೆಯದು ಫೋಟೋಕ್ಕೆ ಚಂದ, ಕೂತರೆ ಮೈಗೆ ಒತ್ತುತ್ತದೆ. ಎರಡನೆಯದು ಹಗುರ, ಆದರೆ ಜಾರುತ್ತದೆ. ಮೂರನೆಯದು ದುಬಾರಿ, ಬಾಗಿದ ಕಡೆ ಬಾಗುತ್ತದೆ, ಹೊಲಿದು ಮಾಡಿದ ಬಟ್ಟೆಯಂತೆ ಮೈಗೆ ಒರಗುತ್ತದೆ. ಅಜ್ಜಿಯ ಡಾಬು ಅಂತ ಪೆಟ್ಟಿಗೆಯಿಂದ ಹೊರಬರುವವು ಹೆಚ್ಚಾಗಿ ಮೊದಲನೆಯ ಅಥವಾ ಮೂರನೆಯ ಬಗೆ. ಅಳತೆ ಸಾಲದಿದ್ದರೆ ಪತ್ತಾರರು ಎರಡು ಬಿಲ್ಲೆ ಅಥವಾ ನಾಲ್ಕು ಕೊಂಡಿ ಸೇರಿಸಿಕೊಡುತ್ತಾರೆ. ಹೊಸ ಬೆಳ್ಳಿಯ ಬಿಳಿ ಹಳೆಯದರ ಪಕ್ಕ ಎದ್ದು ಕಾಣುತ್ತದೆ, ಅದಕ್ಕೆ ಸೇರಿಸುವುದನ್ನು ಹಿಂಬದಿಗೆ ಸೇರಿಸಲು ಹೇಳಿ. ಕರಗಿಸಿ ಹೊಸದು ಮಾಡಿಸುವ ಆಸೆ ತೋರಿಸುವವರು ಇರುತ್ತಾರೆ. ಹಳೆಯ ಕೈಕೆಲಸ ಮತ್ತೆ ಬರುವುದಿಲ್ಲ, ಮಜೂರಿ ಮಾತ್ರ ಮತ್ತೆ ಬೀಳುತ್ತದೆ.

ಅಳತೆಯನ್ನು ಬರಿ ಸೊಂಟಕ್ಕೆ ಕೊಡಬೇಡಿ. ಸೀರೆ ಉಟ್ಟು, ನಿರಿಗೆ ಸಿಗಿಸಿ, ಅದರ ಮೇಲೆ ದಾರ ಸುತ್ತಿ ಗುರುತು ಮಾಡಿ. ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಅದೇ ದಾರವನ್ನು ಇನ್ನೊಮ್ಮೆ ಸುತ್ತಿ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ನಿಂತ ಅಳತೆಗೆ ಮಾಡಿಸಿದ ಡಾಬುಗಳು ಯಾಕೆ ಊಟದ ಪಂಕ್ತಿಯಲ್ಲಿ ಚೀಲ ಸೇರುತ್ತವೆ ಎಂದು ತಿಳಿಯುತ್ತದೆ. ಕೂತ ಅಳತೆಗೆ ಮಾಡಿಸಿ, ನಿಂತಾಗ ಬಿಗಿ ಮಾಡಲು ಎರಡು ಕೊಂಡಿ ಹೆಚ್ಚು ಇಡಿಸಿ.

ಬೆಳ್ಳಿಯ ಶುದ್ಧತೆ ಸಾವಿರದ ಲೆಕ್ಕ: 925 ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಡಾಬಿಗೆ ಅಪ್ಪಟ ಬೆಳ್ಳಿ ಒಳ್ಳೆಯದಲ್ಲ, ಮೆತ್ತಗಾಗಿ ಕೊಂಡಿ ಬಾಯಿ ಬಿಡುತ್ತದೆ. ಬಿಐಎಸ್ ಮುದ್ರೆ ಕೇಳಿ. ತೂಕದಲ್ಲಿ ಹರಳು, ಮೇಣ, ಒಳಗಿನ ಅರಗು ಸೇರಿವೆಯೇ ಎಂದು ವಿಚಾರಿಸಿ. ಕೆಲವರು ತೊಲ ಅಂದರೆ 10 ಗ್ರಾಂ ಎಂದು ಲೆಕ್ಕ ಹಾಕುತ್ತಾರೆ, ಹಳೆಯ ತೊಲ 11.66 ಗ್ರಾಂ, ಅಜ್ಜಿಯ ಡಾಬಿನ ತೂಕದ ಬಗ್ಗೆ ಮನೆಯಲ್ಲಿ ಜಗಳ ಎದ್ದರೆ ಕಾರಣ ಇದೂ ಇರಬಹುದು. ಇಲ್ಲಿ ಮನಸ್ಸಿಗೆ ಬಂದದ್ದು ಸಿಗದಿದ್ದರೆ, ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹುಪರಿ ಬೆಳ್ಳಿ ಒಡವೆಗಳಿಗೇ ಹೆಸರಾದ ಊರು.

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ತೊಡಬಾರದು ಅಂತೇನಿಲ್ಲ, ಬೆಲೆಗೆ ತಕ್ಕ ಚಂದ ಇದೆ. ನಿಕ್ಕಲ್ ಕೆಲವರ ಮೈಗೆ ಆಗುವುದಿಲ್ಲ, ಬೆವರು ಸೇರಿದರೆ ತುರಿಕೆ. ಬರಿ ಮೈಗೆ ತಾಗದಂತೆ ಹಿಂದೆ ಒಂದು ಹತ್ತಿ ಪಟ್ಟಿ ಹೊಲಿಸಿಕೊಂಡರೆ ತೊಂದರೆ ತಪ್ಪುತ್ತದೆ. ‘ಒನ್ ಗ್ರಾಂ ಗೋಲ್ಡ್’ ಬೆಲ್ಟುಗಳಿಗೂ ಇದೇ ಮಾತು.

ಮದುವೆ ಮುಗಿದ ಮೇಲೆ ಬೆಳ್ಳಿಯನ್ನು ಅಂಟವಾಳದ ನೊರೆಯಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ವಿಭೂತಿ ಹಾಕಿ ತಿಕ್ಕುವುದು ನಮ್ಮ ಮನೆಗಳ ಹಳೆಯ ಉಪಾಯ, ಸಪಾಟ ಪಟ್ಟಿಗೆ ಸರಿ. ಕೆತ್ತನೆಯದಕ್ಕೆ ಬೇಡ, ಸಂದಿಯಲ್ಲಿ ಕೂತ ಕಪ್ಪೇ ಕೆತ್ತನೆಯನ್ನು ಎತ್ತಿ ತೋರಿಸುವುದು.

ಕುರ್ತಾಕ್ಕೆ, ಜೀನ್ಸಿಗೆ

ಬಾಗಲಕೋಟೆಯ ನವನಗರದಲ್ಲಿ ಕಾಲೇಜು ಬಿಡುವ ಹೊತ್ತಿಗೆ ಹೊರಬರುವವರಲ್ಲಿ ಸೀರೆಯವರು ಎಷ್ಟು? ಎಥ್ನಿಕ್ ಡೇ ಒಂದು ದಿನ. ಉಳಿದ ದಿನವೆಲ್ಲ ಕುರ್ತಾ, ಲೆಗ್ಗಿಂಗ್ಸ್, ಜೀನ್ಸ್. ಅವರಿಗೆ ಬೆಳ್ಳಿ ಡಾಬಿನ ಪಾಠ ಹೇಳಿ ಪ್ರಯೋಜನವಿಲ್ಲ. ತೊಗಲಿನ ಬೆಲ್ಟಿನ ಮಾತು ಹೇಳಬಹುದು, ಅದರಲ್ಲೂ ನಮ್ಮ ಜಿಲ್ಲೆಗೆ ಪಾಲಿದೆ.

ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಿಕೆ 2019ರಲ್ಲಿ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಗಳೂ ಪಟ್ಟಿಯಲ್ಲಿ ಬಂದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಹೋಲಿಕೆಯ ಚಪ್ಪಲಿಯನ್ನು ಹೆಸರು ಹೇಳದೆ ತೋರಿಸಿ ಗದ್ದಲವಾಯಿತು; ಇದಕ್ಕೆ ಭಾರತದ ಕುಶಲಕರ್ಮಿಗಳ ಚಪ್ಪಲಿಯೇ ಪ್ರೇರಣೆ ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ಆ ಚಪ್ಪಲಿಯ ತೊಗಲನ್ನು ಹದ ಮಾಡುವುದು ಜಾಲಿಯ ತೊಗಟೆ, ಅಳಲೆಕಾಯಿಯಂಥವುಗಳಿಂದ. ದಪ್ಪ, ಗಟ್ಟಿ, ತೊಟ್ಟಷ್ಟೂ ಬಣ್ಣ ಕಟ್ಟುವ ಈ ತೊಗಲಿನಲ್ಲಿ ಬೆಲ್ಟನ್ನೂ ಮಾಡಿಸಿಕೊಳ್ಳಬಹುದು. ಚಪ್ಪಲಿಯ ಮೇಲಿನ ಹೆಣೆದ ಪಟ್ಟಿಯನ್ನೇ ಬೆಲ್ಟಿನ ಉದ್ದಕ್ಕೆ ಹೆಣೆದರೆ ಸಾಕು, ಬೇರೆ ವಿನ್ಯಾಸ ಬೇಕಿಲ್ಲ. ಹೊಸತರಲ್ಲಿ ಅದು ಗಡುಸು. ಕೊಬ್ಬರಿ ಎಣ್ಣೆಯ ಒಂದು ತೆಳು ಸವರು, ಎರಡು ದಿನದ ಬಳಕೆ. ಮಳೆಯಲ್ಲಿ ನೆನೆದರೆ ನೆರಳಲ್ಲಿ ಒಣಗಿಸಿ. ತಿಳಿ ಬಣ್ಣದ ಕುರ್ತಾದ ಮೇಲೆ ಮೊದಮೊದಲು ಹಾಕಬೇಡಿ, ಬಣ್ಣ ಇಳಿಯಬಹುದು.

ಇಳಕಲ್ ಬಟ್ಟೆಯ ಕುರ್ತಾ ಈಗ ಎಲ್ಲೆಲ್ಲೂ ಸಿಗುತ್ತದೆ. ಉದ್ದ ಕುರ್ತಾಕ್ಕೆ ಬೆಲ್ಟ್ ಹಾಕುವವರು ಪಕ್ಕದ ಸೀಳು ಎಲ್ಲಿಂದ ಶುರುವಾಗುತ್ತದೆ ನೋಡಬೇಕು. ಬೆಲ್ಟ್ ಬಟ್ಟೆಯನ್ನು ಮೇಲೆಳೆಯುತ್ತದೆ, ಜೊತೆಗೆ ಸೀಳೂ ಮೇಲೆ ಬರುತ್ತದೆ. ಜೇಬಿರುವ ಕುರ್ತಾ ಆದರೆ ಜೇಬು ಎದೆಯ ಹತ್ತಿರ ಏರುತ್ತದೆ, ನಗೆಪಾಟಲು. ಮುಂಡಿಯಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ, ಸೀಳಿಲ್ಲದ ಕುರ್ತಾಕ್ಕೆ ಬೆಲ್ಟ್ ಹಾಯಾಗಿ ಕೂಡುತ್ತದೆ. ದುಪಟ್ಟಾವನ್ನು ಒಂದೇ ಭುಜದ ಮೇಲೆ ಹಾಕಿ ಮುಂದಿನ ತುದಿಯನ್ನು ಮಾತ್ರ ಬೆಲ್ಟಿನ ಒಳಗೆ ತೂರಿಸಿ, ಹಿಂದಿನದು ಬಿಡಿ. ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ತೊಡುವ ಫೇಟಿಯಾ ಎಂಬ ಲಂಗ ನೋಡಿದವರಿಗೆ ಸೊಂಟದ ಪಟ್ಟಿಯಲ್ಲೇ ಎಷ್ಟು ಕನ್ನಡಿ, ಎಷ್ಟು ಹೊಲಿಗೆ ತುಂಬಬಹುದು ಎಂದು ಗೊತ್ತು. ಆ ಕಸೂತಿಯ ಒಂದು ಪಟ್ಟಿ ಬಿಳಿ ಕುರ್ತಾದ ಮೇಲೆ ಬಿದ್ದರೆ ಬೇರೆ ಯಾವ ಒಡವೆಯೂ ಬೇಡ. ಜೀನ್ಸಿನ ಮೇಲೆ ಬೆಳ್ಳಿಯ ಸರಪಳಿ ಡಾಬು ಹಾಕಿದ ಹುಡುಗಿಯರನ್ನು ಕಂಡು ಹಿರಿಯರು ಮುಖ ತಿರುಗಿಸುತ್ತಾರೆ, ನನಗೆ ಚಂದವೇ ಕಾಣುತ್ತದೆ. ಬೆಲ್ಟಿನ ಕುಣಿಕೆಗಳಲ್ಲಿ ತೂರಿಸದೆ ಮೇಲೆ ಸಡಿಲ ಬಿಟ್ಟು ಒಂದು ಪಕ್ಕ ಇಳಿಬಿಟ್ಟರೆ ಬಾದಾಮಿಯ ಹೆಣ್ಣುಮಕ್ಕಳು ತೊಟ್ಟ ಎತ್ತರಕ್ಕೇ ಅದು ಬಂದು ನಿಲ್ಲುತ್ತದೆ.

ಬಾದಾಮಿಯ ಬನಶಂಕರಿ ಜಾತ್ರೆ ಪುಷ್ಯದ ಹುಣ್ಣಿಮೆಗೆ, ಹೆಚ್ಚಾಗಿ ಜನವರಿಯಲ್ಲಿ. ತೇರಿನ ಆಚೆಗೆ ವಾರಗಟ್ಟಲೆ ನಾಟಕ, ಅಂಗಡಿ. ಬನಶಂಕರಿ ನೇಕಾರ ದೇವಾಂಗರ ಕುಲದೇವತೆ, ಆ ಜಾತ್ರೆಗೆ ಹೊಸ ಸೀರೆ ಉಡದೆ ಹೋಗುವವರು ಕಡಿಮೆ. ಜಾತ್ರೆಯ ಸಾಲು ಅಂಗಡಿಗಳಲ್ಲಿ ಬೆಲ್ಟ್ ಕೊಳ್ಳುವವರು ಕೊಕ್ಕೆಯನ್ನು ಹತ್ತು ಸಲ ಹಾಕಿ ತೆಗೆದು ನೋಡಿ, ಹರಳನ್ನು ಉಗುರಿನಿಂದ ಮೀಟಿ ನೋಡಿ. ಖಣದ್ದು ಹೊಲಿಸುವವರು ದೀಪಾವಳಿ ಮುಗಿದೊಡನೆ ಬಟ್ಟೆ ಕೊಟ್ಟುಬಿಡಿ, ಸೀರೆಯನ್ನೂ ಜೊತೆಗೆ ಒಯ್ದು ದರ್ಜಿಯ ಮುಂದೆ ಬಣ್ಣ ಜೋಡಿಸಿ ತೋರಿಸಿ. ಸಂಕ್ರಾಂತಿಯ ಹತ್ತಿರ ಹೋದರೆ ಅವನ ಮೇಜಿನ ಮೇಲೆ ಕುಬಸಗಳ ರಾಶಿ ಇರುತ್ತದೆ, ಬೆಲ್ಟಿನ ಸರದಿ ತೇರು ಎಳೆದ ಮೇಲೆಯೇ.